ಮಾತೆ ಸಾವಿತ್ರಿಬಾಯಿ ಬೆನ್ನ ಮೇಲೆ ಹೊತ್ತ ಮಗು

ಇಂದಿನ ಧಮ್ಮ ಚಿಂತನೆ



ಜನವರಿ 3 ಬಂದರೆ ನಾವೆಲ್ಲ ಮಾತೆ ಸಾವಿತ್ರಿಬಾಯಿ ಫುಲೆ ಅವರ ಫೋಟೊಗೆ ಹೂವಿಡುತ್ತೇವೆ. ಶಾಲೆಗೆ ಹೋಗುವ ದಾರಿಯಲ್ಲಿ ಅವರ ಮೇಲೆ ಸಗಣಿ, ಕೆಸರು ಎರಚಿದ ಕಥೆಯನ್ನು ಮಕ್ಕಳಿಗೆ ಹೇಳುತ್ತೇವೆ. ಆದರೆ ಅವರು ಹೇಗೆ ತೀರಿಕೊಂಡರು ಎಂದು ಯಾರಾದರೂ ಕೇಳಿದರೆ ಪ್ಲೇಗ್ ಬಂದು ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಇವತ್ತು ಆ ಒಂದು ಮಾತನ್ನು ಬಿಡಿಸಿ ನೋಡೋಣ.

1896ರ ಸೆಪ್ಟೆಂಬರಿನಲ್ಲಿ ಮುಂಬೈಯಲ್ಲಿ ಪ್ಲೇಗ್ ಪತ್ತೆಯಾಯಿತು. ಕೆಲವೇ ತಿಂಗಳಲ್ಲಿ ಪುಣೆಗೂ ಬಂತು. ಕಂಕುಳಲ್ಲೋ ತೊಡೆಸಂದಿಯಲ್ಲೋ ಗಡ್ಡೆ, ಸುಡುವ ಜ್ವರ, ಕೆಲವೇ ದಿನಗಳಲ್ಲಿ ಸಾವು. ಇಲಿಯ ಮೈಮೇಲಿನ ಚಿಗಟದಿಂದ ಈ ರೋಗ ಹರಡುತ್ತದೆ ಎಂದು ಒಬ್ಬ ವಿಜ್ಞಾನಿ ತೋರಿಸಿಕೊಟ್ಟದ್ದು 1898ರಲ್ಲಿ. ಅದಕ್ಕೆ ಮೊದಲು ಯಾವುದರಿಂದ ದೂರ ಇರಬೇಕು ಎಂಬುದೇ ಜನರಿಗೆ ಗೊತ್ತಿರಲಿಲ್ಲ. ಎಲ್ಲರಿಗೂ ಎಲ್ಲದರ ಭಯ. ಇನ್ನು, ಮುಟ್ಟಬಾರದವರು ಎಂದು ಊರೇ ದೂರ ಇಟ್ಟಿದ್ದ ಕೇರಿಯಲ್ಲಿ ಕಾಯಿಲೆ ಬಿದ್ದರೆ ಯಾರು ಬಂದಾರು?

ಸಾವಿತ್ರಿಬಾಯಿ ಬಂದರು. ಆಗ ಅವರಿಗೆ 66 ವರ್ಷ. ಜೋತಿಬಾ ತೀರಿಕೊಂಡು ಆರು ವರ್ಷವಾಗಿತ್ತು. ಸೇನೆಯಲ್ಲಿ ವೈದ್ಯನಾಗಿದ್ದ ಮಗ ಯಶವಂತನನ್ನು ಕರೆಸಿಕೊಂಡರು. ಪುಣೆಯ ಹೊರಗೆ ಹಡಪ್ಸರದ ಬಳಿ, ಬೀಗರಾದ ಸಾಸನೆ ಕುಟುಂಬದ ತೋಟದ ಬಯಲಿನಲ್ಲಿ ಪ್ಲೇಗ್ ರೋಗಿಗಳಿಗಾಗಿ ಚಿಕಿತ್ಸಾಲಯ ತೆರೆದರು. ಮಗ ಮದ್ದು ಕೊಡುತ್ತಿದ್ದ, ತಾಯಿ ರೋಗಿಗಳನ್ನು ಕರೆತಂದು ಆರೈಕೆ ಮಾಡುತ್ತಿದ್ದರು. ಮುಂಢವಾ ಊರಿನ ಮಹಾರ್ ಕೇರಿಯಲ್ಲಿ ಗಾಯಕವಾಡ್ ಕುಟುಂಬದ ಒಬ್ಬ ಹುಡುಗನಿಗೆ ಪ್ಲೇಗ್ ತಗುಲಿದೆ ಎಂದು ತಿಳಿದಾಗ ತಾವೇ ಹೋದರು. ಹುಡುಗನನ್ನು ಬೆನ್ನ ಮೇಲೆ ಹೊತ್ತು ಚಿಕಿತ್ಸಾಲಯಕ್ಕೆ ತಂದರು. ಹುಡುಗ ಬದುಕಿಕೊಂಡ. ಸಾವಿತ್ರಿಬಾಯಿಗೆ ರೋಗ ತಗುಲಿತು. 1897ರ ಮಾರ್ಚ್ 10ರ ರಾತ್ರಿ ಅವರು ಕೊನೆಯುಸಿರೆಳೆದರು.

ಇದನ್ನು ತ್ಯಾಗ ಎನ್ನುತ್ತೇವೆ, ಸರಿಯೇ. ಆದರೆ ಆ ಹೊತ್ತಿಗೆ ಉಕ್ಕಿ ಬಂದ ಕರುಣೆಯೊಂದೇ ಈ ಕೆಲಸ ಮಾಡಿಸಿತೇ? ಅವರ ಬದುಕನ್ನು ಹಿಂದಕ್ಕೆ ತಿರುವಿ ನೋಡಿದರೆ ಸುಮಾರು ಐವತ್ತು ವರ್ಷದ ತಯಾರಿ ಕಾಣುತ್ತದೆ.

ಮದುವೆಯಾದಾಗ ಅವರಿಗೆ ಅಕ್ಷರ ಗೊತ್ತಿರಲಿಲ್ಲ. ಜೋತಿಬಾ ಕಲಿಸಿದರು. ಆಮೇಲೆ ಶಿಕ್ಷಕಿಯ ತರಬೇತಿಯನ್ನೂ ಪಡೆದರು. ಒಳ್ಳೆಯ ಮನಸ್ಸಿದ್ದರೆ ಸಾಕು, ಪಾಠ ತಾನಾಗಿ ಬರುತ್ತದೆ ಎಂದು ಅವರು ತಿಳಿಯಲಿಲ್ಲ. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ಶುರುವಾಯಿತು. ಮನೆ ಬಿಡಬೇಕಾಗಿ ಬಂದಾಗ ಆಸರೆ ಕೊಟ್ಟವರು ಉಸ್ಮಾನ್ ಶೇಖ್. ಕಾಯಿಲೆ ಬಿದ್ದು ತವರಿನಲ್ಲಿದ್ದಾಗ, 1856ರಲ್ಲಿ, ಜೋತಿಬಾಗೆ ಬರೆದ ಕಾಗದದಲ್ಲಿ ಸಾವಿತ್ರಿಬಾಯಿ ಫಾತಿಮಾಳ ಕಷ್ಟವನ್ನು ನೆನೆಯುತ್ತಾರೆ. ತಾನಿಲ್ಲದಾಗ ಕೆಲಸದ ಹೊರೆ ಯಾರ ಮೇಲೆ ಬಿದ್ದಿದೆ ಎಂಬುದು ಅವರಿಗೆ ಗೊತ್ತಿತ್ತು.

1863ರಲ್ಲಿ ತಮ್ಮ ಮನೆಯಲ್ಲೇ ಗರ್ಭಿಣಿ ವಿಧವೆಯರಿಗೆ ಹೆರಿಗೆಯ ಆಸರೆ ಮಾಡಿಕೊಟ್ಟರು. ಶಿಶುಹತ್ಯೆ ತಡೆಯುವುದು ಅದರ ಉದ್ದೇಶ. 1868ರಲ್ಲಿ ಮನೆಯ ನೀರಿನ ಹೌದನ್ನು ಅಸ್ಪೃಶ್ಯರಿಗೆ ತೆರೆದರು. ಹೆರಿಗೆ, ಕುಡಿಯುವ ನೀರು: ಇವತ್ತಿಗೂ ಸಾರ್ವಜನಿಕ ಆರೋಗ್ಯ ಶುರುವಾಗುವುದು ಇಲ್ಲಿಂದಲೇ. 1876-77ರ ಬರದಲ್ಲಿ ಸತ್ಯಶೋಧಕ ಸಮಾಜದವರ ಜೊತೆ ಹಸಿದವರ ನಡುವೆ ಓಡಾಡಿದರು. ಕಾರ್ಯಕರ್ತರನ್ನು ಪೊಲೀಸರು ಹಿಡಿದಾಗ ಹೆದರಿ ಸುಮ್ಮನಾಗಲಿಲ್ಲ. ಕಲೆಕ್ಟರರ ಮುಂದೆ ನಿಜಸಂಗತಿ ಇಟ್ಟು ಅವರನ್ನು ಬಿಡಿಸಿದರು, ಜನರಿಗೆ ಜೋಳವನ್ನೂ ತರಿಸಿದರು.

ಈಗ ಒಂದು ಸಂಗತಿ ಗಮನಿಸಿ. ಆಸರೆ ಹುಡುಕಿ ಬಂದ ಒಬ್ಬ ಬ್ರಾಹ್ಮಣ ವಿಧವೆಯ ಮಗನನ್ನೇ ಅವರು ದತ್ತು ತೆಗೆದುಕೊಂಡದ್ದು. ಅವನೇ ಯಶವಂತ. ಬದುಕಬಾರದು ಎಂದು ಸಮಾಜ ತೀರ್ಮಾನಿಸಿದ್ದ ಆ ಕೂಸು ವೈದ್ಯನಾಗಿ ಬೆಳೆದು, ಬದುಕುತ್ತದೋ ಇಲ್ಲವೋ ಎಂಬಂತಿದ್ದ ಕೇರಿಯ ಮಗುವಿಗೆ ಮದ್ದು ಕೊಟ್ಟ.

ಇನ್ನೊಂದು ಕಡೆ ಸರ್ಕಾರ ಏನು ಮಾಡಿತು? 1897ರ ಫೆಬ್ರುವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಮಾರ್ಚ್ 13ರಂದು, ಅಂದರೆ ಸಾವಿತ್ರಿಬಾಯಿ ತೀರಿಕೊಂಡ ಮೂರೇ ದಿನಕ್ಕೆ, ಪುಣೆಯಲ್ಲಿ ಸೈನಿಕರು ಮನೆಮನೆಗೆ ನುಗ್ಗಿ ರೋಗಿಗಳನ್ನು ಹುಡುಕತೊಡಗಿದರು. ಮನೆಯ ಸಾಮಾನು ಸುಟ್ಟರು, ಹೆಂಗಸರನ್ನು ಬೀದಿಯಲ್ಲಿ ನಿಲ್ಲಿಸಿ ತಪಾಸಣೆ ಮಾಡಿದರು. ಜನ ರೋಗಿಗಳನ್ನು ಬಚ್ಚಿಟ್ಟರು. ಜೂನ್‌ನಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಗುಂಡು ಹಾರಿತು.

ರೋಗಿಯನ್ನು ಮನೆಯಿಂದ ಬೇರೆಡೆಗೆ ಸಾಗಿಸುವುದು ತಪ್ಪಲ್ಲ. ಸಾವಿತ್ರಿಬಾಯಿ ಮಾಡಿದ್ದೂ ಅದನ್ನೇ. ಸೈನಿಕ ಬಾಗಿಲಿಗೆ ಬಂದಾಗ ಜನ ಬಚ್ಚಿಟ್ಟರು, ಈ ತಾಯಿ ಬಂದಾಗ ಮಗುವನ್ನು ಅವರ ಬೆನ್ನಿಗೆ ಕೊಟ್ಟರು. ಆ ನಂಬಿಕೆಯನ್ನು ಯಾವ ಕಾಯ್ದೆಯೂ ಒಂದು ತಿಂಗಳಲ್ಲಿ ಹುಟ್ಟಿಸಲಾರದು.

ಭೇದಿಯಾಗಿ ತನ್ನದೇ ಹೊಲಸಿನಲ್ಲಿ ಬಿದ್ದಿದ್ದ ಭಿಕ್ಷುವನ್ನು ಭಗವಾನ್ ಬುದ್ಧರು ಆನಂದನೊಂದಿಗೆ ಸೇರಿ ತೊಳೆದು ಮಲಗಿಸಿದ್ದು ನಮಗೆಲ್ಲ ಗೊತ್ತು. ಒಬ್ಬರು ನೀರು ಹಾಕಿದರು, ಇನ್ನೊಬ್ಬರು ತೊಳೆದರು, ಇಬ್ಬರೂ ಸೇರಿ ಎತ್ತಿದರು. ರೋಗಿಯ ಸೇವೆ ಮಾಡುವವನಿಗೆ ಏನೇನು ಬರಬೇಕು ಎಂದೂ ಬುದ್ಧರು ವಿನಯದಲ್ಲಿ ಹೇಳಿದ್ದಾರೆ. ಮದ್ದು ಸಿದ್ಧಮಾಡಲು ಬರಬೇಕು. ಯಾವುದು ಪಥ್ಯ, ಯಾವುದು ಅಪಥ್ಯ ಎಂದು ತಿಳಿದಿರಬೇಕು. ಲಾಭದ ಆಸೆ ಇರದೆ ಮೈತ್ರಿಯಿಂದ ಮಾಡಬೇಕು. ಮಲಮೂತ್ರ, ವಾಂತಿಗೆ ಹೇಸಬಾರದು. ಒಳ್ಳೆಯ ಮಾತಿನಿಂದ ಧೈರ್ಯ ತುಂಬಬೇಕು. ಕರುಣೆಗೆ ಕೈಕೆಲಸವೂ ಗೊತ್ತಿರಬೇಕು ಎಂಬುದು ಇದರ ಸಾರ.

ನಮ್ಮ ಬಳಗಕ್ಕೆ ಒಂದು ಪ್ರಶ್ನೆ. ನಮ್ಮ ಕೇರಿಯ ಆಶಾ ಕಾರ್ಯಕರ್ತೆಯ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನರ್ಸಿಂಗ್ ಓದುತ್ತಿರುವ ಮಕ್ಕಳು ಯಾರು? ರಾತ್ರಿ ಹೊತ್ತು ಕರೆದರೆ ಬರುವ ಆಟೊ ಯಾರದು? ಬಿ.ಪಿ., ಸಕ್ಕರೆ ನೋಡಲು ಯಾರಿಗೆ ಬರುತ್ತದೆ? ಈ ಭಾನುವಾರ ವಂದನೆ ಮುಗಿದ ಮೇಲೆ ಹತ್ತು ನಿಮಿಷ ಕೂತು ಈ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದು ವಿಹಾರದ ಗೋಡೆಗೆ ಅಂಟಿಸೋಣ. ಆಶಾ ಅಕ್ಕನನ್ನು ಕರೆದು ಕೂರಿಸಿ, ಅವರಿಗೆ ನಮ್ಮಿಂದ ಯಾವ ಸಹಾಯ ಬೇಕು ಎಂದು ಕೇಳೋಣ. ಕಾಯಿಲೆ ಹೇಳಿ ಬರುವುದಿಲ್ಲ. ಅದು ಬರುವ ಮೊದಲೇ ನಾವು ಒಬ್ಬರಿಗೊಬ್ಬರು ಗೊತ್ತಿರಬೇಕು.

ಭವತು ಸಬ್ಬ ಮಂಗಲಂ. ಜೈ ಭೀಮ್.