ಲಾಗ್ ಟೇಬಲ್ ಬಿಟ್ಟು ಹಕ್ಕಿ ಹಿಂದೆ ಹೋದ ಸಲೀಂ ಅಲಿ

ಎಂ-ಒನ್, ಎಂ-ಟು ಬ್ಯಾಕ್ ಉಳಿಸಿಕೊಂಡಿರೋ ಗೆಳೆಯರಿಗೆ ಮೊದಲೇ ಹೇಳಿಬಿಡ್ತೀನಿ, ಈ ಕಥೆ ನಿಮ್ಮ ಪಾರ್ಟಿಯವರದ್ದು. ನಮ್ಮ ದೇಶದಲ್ಲಿ ಹಕ್ಕಿ ನೋಡುವ ಕೆಲಸಕ್ಕೆ ಒಂದು ಮರ್ಯಾದೆ ತಂದುಕೊಟ್ಟ ಸಲೀಂ ಅಲಿ ಅವರ ಹತ್ತಿರ ಡಿಗ್ರಿ ಇರಲಿಲ್ಲ. ಬಾಂಬೆಯ ಸೇಂಟ್ ಝೇವಿಯರ್ಸ್ ಕಾಲೇಜು ಸೇರಿ, ಲಾಗರಿದಮ್ ತಲೆಗೆ ಹತ್ತದೆ, ಮೊದಲ ವರ್ಷಕ್ಕೇ ಕಾಲೇಜು ಬಿಟ್ಟವರು ಅವರು. ಎಷ್ಟೋ ವರ್ಷ ಆದಮೇಲೆ ಯೂನಿವರ್ಸಿಟಿಗಳೇ ಕರೆದು ಗೌರವ ಡಾಕ್ಟರೇಟ್ ಕೊಟ್ಟವು, ಅದು ಬೇರೆ ಮಾತು.

ನಮ್ಮಲ್ಲಿ ಬಹಳ ಜನಕ್ಕೆ ಸಲೀಂ ಅಲಿ ಅಂದ್ರೆ ಜಿ.ಕೆ. ಪುಸ್ತಕದ ಒಂದು ಸಾಲು. ಬರ್ಡ್‌ಮ್ಯಾನ್ ಆಫ್ ಇಂಡಿಯಾ ಯಾರು ಅಂದ್ರೆ ಅವರು, ಅಲ್ಲಿಗೆ ಮುಗೀತು. ಆದರೆ ಅವರ ಬದುಕಿನಲ್ಲಿ ಎದ್ದ ಒಂದು ಪ್ರಶ್ನೆ ಇವತ್ತಿಗೂ ಕಡೂರು, ಅಜ್ಜಂಪುರದ ಬಯಲಿನಲ್ಲಿ ಹಾಗೇ ನಿಂತಿದೆ. ಅದಕ್ಕೇ ಇದನ್ನ ಬರೀತಿದೀನಿ.

ಹುಟ್ಟಿದ್ದು 1896ರ ನವೆಂಬರ್ 12, ಬಾಂಬೆಯಲ್ಲಿ. ದೊಡ್ಡ ಸಂಸಾರದ ಕೊನೇ ಮಗು. ವರ್ಷ ತುಂಬಿದಾಗ ಅಪ್ಪ ಹೋದರು, ಮೂರನೇ ವರ್ಷಕ್ಕೆ ಅಮ್ಮನೂ ಇಲ್ಲ. ಸಾಕಿದ್ದು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಅವರ ಹೆಂಡತಿ ಹಮೀದಾ ಬೇಗಂ. ಮಾವನಿಗೆ ಶಿಕಾರಿಯ ಹುಚ್ಚು. ಹುಡುಗನ ಕೈಗೆ ಒಂದು ಏರ್‌ಗನ್ ಬಂತು, ಗುಬ್ಬಿ ಹೊಡೆಯೋದೇ ಆಟ. ಒಂದು ದಿನ ಹೊಡೆದ ಗುಬ್ಬಿಯ ಕತ್ತಿನ ಕೆಳಗೆ ಹಳದಿ ಮಚ್ಚೆ ಇತ್ತು. ಇದು ಯಾವ ಹಕ್ಕಿ ಅಂತ ಮಾವನಿಗೂ ಗೊತ್ತಾಗಲಿಲ್ಲ. ಅವರು ಹುಡುಗನನ್ನ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲ್ಲಾರ್ಡ್ ಎಂಬ ಇಂಗ್ಲಿಷರ ಹತ್ತಿರ ಕಳಿಸಿದರು. ಬಿಳಿಯರನ್ನ ಕಂಡರೆ ಹೆದರಿ ನಡುಗುವ ಕಾಲ ಅದು. ಮಿಲ್ಲಾರ್ಡ್ ಗದರಲಿಲ್ಲ. ಹಳದಿ ಕತ್ತಿನ ಗುಬ್ಬಿ ಅಂತ ಗುರುತು ಹೇಳಿ, ಹುಲ್ಲು ತುಂಬಿಟ್ಟ ಹಕ್ಕಿಗಳ ಒಂದೊಂದೇ ಡ್ರಾಯರ್ ಎಳೆದು ತೋರಿಸಿದರು, ಓದೋಕೆ ಪುಸ್ತಕ ಕೊಟ್ಟರು. ಒಬ್ಬ ಹುಡುಗನಿಗೆ ಒಬ್ಬ ದೊಡ್ಡವರು ಅರ್ಧ ಗಂಟೆ ಟೈಮ್ ಕೊಟ್ಟಿದ್ದರ ಫಲ ಮುಂದಿನ 80 ವರ್ಷ ನಡೆಯಿತು.

ಕಾಲೇಜು ಬಿಟ್ಟಮೇಲೆ ಬರ್ಮಾಗೆ ಹೋದರು. ಅಲ್ಲಿ ಮನೆಯವರ ವುಲ್‌ಫ್ರಮ್ ಗಣಿ ಮತ್ತು ಮರದ ವ್ಯಾಪಾರ ಇತ್ತು. ವ್ಯಾಪಾರ ನೋಡಿಕೊಂಡದ್ದಕ್ಕಿಂತ ಕಾಡು ಸುತ್ತಿದ್ದೇ ಹೆಚ್ಚು, ವ್ಯಾಪಾರವೂ ಮುಳುಗಿತು. ಮಧ್ಯೆ ಬಾಂಬೆಗೆ ಬಂದು ಅಕೌಂಟ್ಸ್ ಕಲಿತರು, ಝೇವಿಯರ್ಸ್‌ನ ಪಾದ್ರಿ ಬ್ಲಾಟರ್ ಅವರ ಒತ್ತಾಯಕ್ಕೆ ಪ್ರಾಣಿಶಾಸ್ತ್ರವನ್ನೂ ಓದಿದರು. 1918ರಲ್ಲಿ ತೆಹ್ಮಿನಾ ಅವರ ಜೊತೆ ಮದುವೆ. ಜುವಾಲಾಜಿಕಲ್ ಸರ್ವೆಯಲ್ಲಿ ಪಕ್ಷಿತಜ್ಞರ ಹುದ್ದೆ ಖಾಲಿ ಇತ್ತು, ಡಿಗ್ರಿ ಇಲ್ಲ ಅಂತ ಸಿಗಲಿಲ್ಲ. ಕೊನೆಗೆ 1926ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂನಲ್ಲಿ ಜನರಿಗೆ ವಿವರಿಸುವ ಗೈಡ್ ಲೆಕ್ಚರರ್ ಕೆಲಸ ಸಿಕ್ಕಿತು, ತಿಂಗಳಿಗೆ 350 ರೂಪಾಯಿ. ರಜೆ ಹಾಕಿ ಬರ್ಲಿನ್‌ಗೆ ಹೋಗಿ ಸ್ಟ್ರೆಸ್‌ಮನ್ ಎಂಬ ದೊಡ್ಡ ಪಕ್ಷಿವಿಜ್ಞಾನಿಯ ಕೈಕೆಳಗೆ ಕಲಿತು 1930ರಲ್ಲಿ ವಾಪಸ್ ಬಂದರೆ, ದುಡ್ಡಿಲ್ಲ ಅಂತ ಆ ಹುದ್ದೆಯನ್ನೇ ತೆಗೆದುಹಾಕಿದ್ದರು.

ಇಲ್ಲಿಂದ ಮುಂದಿನ ಭಾಗ ನನಗೆ ತುಂಬಾ ಇಷ್ಟ. ಕೆಲಸ ಇಲ್ಲದ ಗಂಡ, ಹೆಂಡತಿ ಬಾಂಬೆ ಹತ್ತಿರದ ಕಿಹಿಮ್ ಎಂಬ ಸಮುದ್ರತೀರದ ಹಳ್ಳಿಗೆ ಹೋಗಿ ಇದ್ದರು. ಅಲ್ಲಿ ಗೀಜಗ ಹಕ್ಕಿಗಳು ಗೂಡು ಕಟ್ಟುತ್ತಿದ್ದವು. ಗೀಜಗನ ಗೂಡು ನಮ್ಮ ಬಾವಿ ಕಟ್ಟೆ ಪಕ್ಕದ ಈಚಲು ಮರದಲ್ಲೂ ನೇತಾಡ್ತಿರತ್ತೆ, ನಾವು ಫೋಟೋ ಹೊಡೆದು ಸ್ಟೇಟಸ್ ಹಾಕಿ ಸುಮ್ಮನಾಗ್ತೀವಿ. ಸಲೀಂ ಅಲಿ ಅದರ ಎದುರು ದಿನಗಟ್ಟಲೆ ಕೂತು ಯಾವ ಹಕ್ಕಿ ಯಾವಾಗ ಏನು ಮಾಡಿತು ಅಂತ ಬರೆದುಕೊಂಡರು. ಗಂಡು ಗೂಡನ್ನ ಅರ್ಧ ಕಟ್ಟಿ ನಿಲ್ಲಿಸತ್ತೆ. ಹೆಣ್ಣುಗಳು ಬಂದು ಸೈಟ್ ಇನ್‌ಸ್ಪೆಕ್ಷನ್ ಮಾಡ್ತವೆ. ಒಂದು ಹೆಣ್ಣು ಒಪ್ಪಿದ ಮೇಲೇ ಗಂಡು ಉಳಿದ ಕೊಳವೆಯನ್ನ ಪೂರ್ತಿ ಮಾಡೋದು. ಅವಳು ಮೊಟ್ಟೆ ಇಟ್ಟು ಕಾವಿಗೆ ಕೂತಳೋ, ಇವನು ಪಕ್ಕದಲ್ಲೇ ಇನ್ನೊಂದು ಗೂಡು ಶುರು ಮಾಡಿ ಇನ್ನೊಬ್ಬಳನ್ನ ಕರೀತಾನೆ. ಇದನ್ನ ಅಷ್ಟು ಸ್ಪಷ್ಟವಾಗಿ ಬರೆದ ಆ ಲೇಖನ ಅವರಿಗೆ ಹೆಸರು ತಂತು. ಬೇಕಾಗಿದ್ದದ್ದು ಒಂದು ನೋಟ್‌ಬುಕ್ಕು ಮತ್ತು ತಾಳ್ಮೆ. ಲ್ಯಾಬ್ ರೆಕಾರ್ಡನ್ನ ಸೀನಿಯರ್ ಪುಸ್ತಕ ನೋಡಿ ಬರೆಯೋ ನಮಗೆ ಇದರಲ್ಲಿ ಎರಡನೆಯದ್ದೇ ಕಷ್ಟ.

ಆಮೇಲೆ ಅವರು ಸಂಸ್ಥಾನಗಳಿಗೆ ಒಂದು ಆಫರ್ ಇಟ್ಟರು. ನಿಮ್ಮ ರಾಜ್ಯದ ಹಕ್ಕಿಗಳನ್ನೆಲ್ಲ ಸರ್ವೆ ಮಾಡಿಕೊಡ್ತೀನಿ, ನನಗೆ ಸಂಬಳ ಬೇಡ, ಕ್ಯಾಂಪಿನ ಖರ್ಚು ಕೊಡಿ ಅಂತ. ಹೈದರಾಬಾದ್, ತಿರುವಾಂಕೂರು, ಕೊಚ್ಚಿ ಹೀಗೆ ಒಂದೊಂದೇ ಮುಗೀತಾ ಬಂತು. ಕ್ಯಾಂಪುಗಳಲ್ಲಿ ತೆಹ್ಮಿನಾ ಅವರೂ ಜೊತೆಗಿರುತ್ತಿದ್ದರು. 1939ರಲ್ಲಿ ಒಂದು ಸಣ್ಣ ಆಪರೇಷನ್ ಆದಮೇಲೆ ಅವರು ತೀರಿಕೊಂಡರು. ಮಕ್ಕಳಿರಲಿಲ್ಲ. ಸಲೀಂ ಅಲಿ ಮತ್ತೆ ಮದುವೆಯಾಗಲಿಲ್ಲ.

ಮೈಸೂರು ಸಂಸ್ಥಾನದ ಸರ್ವೆ ನಡೆದದ್ದು ಆ ಸಾವಿನ ಬೆನ್ನಿಗೇ, 1939-40ರಲ್ಲಿ. ಆಗ ನಮ್ಮ ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆ ಅಂತಲೇ ಹೆಸರು. ಮಲೆನಾಡಿನ ಕಾಡು, ಬಯಲುಸೀಮೆಯ ಕುರುಚಲು ಎರಡೂ ಇರೋ ಸಂಸ್ಥಾನ ಇದು, ಹಕ್ಕಿಗಳೂ ಎರಡು ಬಗೆ. ಸರ್ವೆ ಅಂದ್ರೆ ಬೈನಾಕ್ಯುಲರ್ ಹಾಕ್ಕೊಂಡು ವಾಕಿಂಗ್ ಅಲ್ಲ. ಆ ಕಾಲದ ಪದ್ಧತಿಯಂತೆ ಹಕ್ಕಿಯನ್ನ ಹೊಡೆದು, ಚರ್ಮ ಬಿಡಿಸಿ, ಸಿಕ್ಕ ಜಾಗ, ತಾರೀಕು, ಹೊಟ್ಟೆಯಲ್ಲಿದ್ದ ಹುಳು ಕಾಳು ಎಲ್ಲವನ್ನ ಬರೆದು ಇಡಬೇಕಿತ್ತು. ಇವತ್ತು ಓದಿದರೆ ಕಸಿವಿಸಿ ಆಗತ್ತೆ, ನಿಜ. ಆದರೆ ಯಾವ ಹಕ್ಕಿ ಎಷ್ಟು ಹುಳ ತಿಂದು ಬೆಳೆ ಉಳಿಸತ್ತೆ, ಯಾವ ಸೂರಕ್ಕಿ ಯಾವ ಹೂವಿಗೆ ಪರಾಗ ಹೊರತ್ತೆ ಅಂತ ನಮಗೆ ತಿಳಿದದ್ದು ಇಂಥ ದಾಖಲೆಗಳಿಂದಲೇ. ಹೂವು ಮತ್ತು ಹಕ್ಕಿಯ ನಂಟಿನ ಬಗ್ಗೆ ಅವರು 1930ರ ದಶಕದಲ್ಲೇ ಬರೆದಿದ್ದರು. ಮೈಸೂರಿನ ಹಕ್ಕಿಗಳ ವರದಿ 1942-43ರಲ್ಲಿ ಸೊಸೈಟಿಯ ಜರ್ನಲ್‌ನಲ್ಲಿ ಕಂತು ಕಂತಾಗಿ ಬಂತು.

ಈ ಓಡಾಟದಲ್ಲಿ ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ನಡುಗಡ್ಡೆಗಳಲ್ಲಿ ಕೊಕ್ಕರೆಗಳು ಗೂಡು ಕಟ್ಟಿದ್ದನ್ನ ಅವರು ನೋಡಿದರು. ಹಳೇ ಕಾಲದಲ್ಲಿ ನದಿಗೆ ಒಡ್ಡು ಕಟ್ಟಿದ್ದರಿಂದ ಉಂಟಾದ ಗಡ್ಡೆಗಳು ಅವು, ಅಂದ್ರೆ ಸಿವಿಲ್‌ನವರ ಸೈಡ್ ಎಫೆಕ್ಟ್. ಇದನ್ನ ಕಾಪಾಡಿ ಅಂತ ಮೈಸೂರು ಒಡೆಯರಿಗೆ ಒತ್ತಾಯ ಮಾಡಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮ ಆಯಿತು. ಒಂದು ಚದರ ಕಿಲೋಮೀಟರ್ ಕೂಡ ಇಲ್ಲದ ಜಾಗ, 2022ರಲ್ಲಿ ಕರ್ನಾಟಕದ ಮೊದಲ ರಾಮ್ಸರ್ ತಾಣವಾಯಿತು.

1941ರಲ್ಲಿ ಬಂದ ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್ ಸಾಮಾನ್ಯರ ಕೈಗೆ ಹಕ್ಕಿಗಳನ್ನ ಕೊಟ್ಟಿತು. ಜೈಲಿನಲ್ಲಿದ್ದ ನೆಹರು ಇನ್ನೊಂದು ಜೈಲಿನಲ್ಲಿದ್ದ ಮಗಳು ಇಂದಿರಾಗೆ ಅದನ್ನ ಉಡುಗೊರೆ ಕೊಟ್ಟಿದ್ದರು. ಡಿಲ್ಲನ್ ರಿಪ್ಲೆ ಜೊತೆ ಬರೆದ 10 ಸಂಪುಟಗಳ ಹ್ಯಾಂಡ್‌ಬುಕ್ 1968ರಿಂದ 1974ರ ಮಧ್ಯೆ ಬಂತು, ಆಗ ಅವರಿಗೆ 70 ದಾಟಿತ್ತು. ಪದ್ಮಭೂಷಣ, ಪದ್ಮವಿಭೂಷಣ, ಕೊನೆಗೆ 1985ರಲ್ಲಿ ರಾಜ್ಯಸಭೆ. ಇವೆಲ್ಲ ಗೂಗಲ್‌ನಲ್ಲಿ ಸಿಗತ್ತೆ, ಬಿಡಿ.

ಮಲೆನಾಡಿನವರಿಗೆ ಹತ್ತಿರದ್ದು ಇನ್ನೊಂದಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯೋಕೆ ಶುರುವಾದವು, ಜನಕ್ಕೂ ಜ್ವರ ಬಂತು. ಅದೇ ಮಂಗನ ಕಾಯಿಲೆ. ಹರಡೋದು ಉಣ್ಣಿಯಿಂದ (ಉಣ್ಣಿ ಕೀಟ ಅಲ್ಲ ಕಣ್ರೋ, ಎಂಟು ಕಾಲು, ಜೇಡನ ಬಳಗ). ವೈರಸ್ಸು ರಷ್ಯಾ ಕಡೆಯ ಒಂದು ವೈರಸ್ಸನ್ನ ಹೋಲುತ್ತಿತ್ತು. ಹಾಗಾಗಿ ಚಳಿಗಾಲಕ್ಕೆ ಸೈಬೀರಿಯಾದಿಂದ ಬರೋ ಹಕ್ಕಿಗಳೇ ಉಣ್ಣಿ ಹೊತ್ತು ತಂದವಾ ಅಂತ ಅನುಮಾನ ಎದ್ದಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿ ಮತ್ತು ಸೊಸೈಟಿ ದೊಡ್ಡ ಮಟ್ಟದಲ್ಲಿ ಹಕ್ಕಿಗಳನ್ನ ಬಲೆಯಲ್ಲಿ ಹಿಡಿದು, ಕಾಲಿಗೆ ನಂಬರ್ ಇರೋ ಉಂಗುರ ಹಾಕಿ ಬಿಡುವ ಕೆಲಸ ಶುರು ಮಾಡಿದರು. ಕಾಯಿಲೆ ಹಕ್ಕಿಗಳು ತಂದದ್ದಲ್ಲ, ಇಲ್ಲಿನ ಕಾಡಿನದೇ ಅಂತ ಆಮೇಲೆ ಒಪ್ಪಿತವಾಯಿತು. ಹಕ್ಕಿಗಳ ಮೇಲಿನ ಕೇಸು ಖುಲಾಸೆ. ಆದರೆ ನಮ್ಮ ಚಳಿಗಾಲದ ಅತಿಥಿಗಳು ಎಲ್ಲಿಂದ ಬರ್ತಾವೆ, ಎಲ್ಲಿಗೆ ಹೋಗ್ತಾವೆ ಅನ್ನೋ ಜ್ಞಾನ ಆ ಉಂಗುರಗಳಿಂದ ಉಳಿಯಿತು.

ಈಗ ಆ ಪ್ರಶ್ನೆಗೆ ಬರ್ತೀನಿ. ರಾಜಸ್ಥಾನದ ಭರತಪುರದ ಕೆರೆ ಮಹಾರಾಜರ ಬಾತುಕೋಳಿ ಶಿಕಾರಿಯ ಜಾಗ. ಅದನ್ನ ಉಳಿಸಿದವರಲ್ಲಿ ಸಲೀಂ ಅಲಿ ಮುಖ್ಯರು. ಅದು ರಾಷ್ಟ್ರೀಯ ಉದ್ಯಾನ ಆಗುವಾಗ ಒಳಗೆ ದನ, ಎಮ್ಮೆ ಮೇಯೋದು ನಿಲ್ಲಬೇಕು ಅಂತ ಅವರೂ ಹೇಳಿದ್ದರು. 1982ರಲ್ಲಿ ಮೇವು ನಿಷೇಧ ಆಯಿತು. ಸುತ್ತಲಿನ ಹಳ್ಳಿಯವರು ತಿರುಗಿಬಿದ್ದರು, ಪೊಲೀಸ್ ಗುಂಡಿಗೆ ಜನ ಸತ್ತರು. ಮುಂದೆ ಅವರದೇ ಸೊಸೈಟಿಯ ವಿಜ್ಞಾನಿಗಳು ವರ್ಷಗಟ್ಟಲೆ ಅಧ್ಯಯನ ಮಾಡಿ ನೋಡಿದರೆ, ಎಮ್ಮೆಗಳಿಲ್ಲದೆ ನೀರಿನಲ್ಲಿ ಹುಲ್ಲು ಬೆಳೆದು ಕೆರೆ ಮುಚ್ಚಿಕೊಳ್ಳುತ್ತಿತ್ತು, ಹಕ್ಕಿಗಳಿಗೇ ತೊಂದರೆ ಆಗಿತ್ತು. ಗೀಜಗನ ಎದುರು ಅಷ್ಟು ಹೊತ್ತು ಕೂತಿದ್ದವರು ಎಮ್ಮೆಯ ವಿಷಯದಲ್ಲಿ ನೋಡುವ ಮೊದಲೇ ತೀರ್ಪು ಕೊಟ್ಟರಲ್ಲ ಅಂತ ನನಗೆ ಅನ್ಸತ್ತೆ. ದೊಡ್ಡವರ ಜೀವನಚರಿತ್ರೆಯಲ್ಲಿ ಈ ಪುಟವನ್ನ ಹಾರಿಸಿಬಿಡ್ತಾರೆ. ಹಾರಿಸಬಾರದು, ಯಾಕಂದ್ರೆ ನಮ್ಮೂರಿಗೆ ಬೇಕಾದ ಪುಟ ಅದೇ.

ಅಜ್ಜಂಪುರ ಅಂದ್ರೆ ಅಮೃತಮಹಲ್ ತಳಿಯ ದನಗಳ ಕೇಂದ್ರ. ಮೈಸೂರು ಅರಸರ ಕಾಲದಿಂದ ಆ ದನಗಳು ಮೇಯಲಿ ಅಂತ ಬಿಟ್ಟ ಹುಲ್ಲುಗಾವಲುಗಳೇ ಕಾವಲುಗಳು. ಹೊರಗಿನವರ ಕಣ್ಣಿಗೆ ಅದು ಖಾಲಿ ಜಾಗ. ಆದರೆ ಕಡೂರು ತಾಲೂಕಿನ ಬಾಸೂರು ಕಾವಲಿನಲ್ಲಿ ಕೃಷ್ಣಮೃಗ ಇದೆ, ತೋಳ ಇದೆ. ಚಳಿಗಾಲ ಬಂದರೆ ಹ್ಯಾರಿಯರ್ ಎಂಬ ಗಿಡುಗಗಳು, ನಮ್ಮ ಪಕ್ಷಿ ಪುಸ್ತಕಗಳಲ್ಲಿ ಸೆಳೆವ ಅಂತಾರಲ್ಲ ಅವು, ಮಧ್ಯ ಏಷ್ಯಾದ ಕಡೆಯಿಂದ ಬಂದು ಸಂಜೆ ಹುಲ್ಲಿನ ನೆಲದಲ್ಲೇ ಗುಂಪಾಗಿ ಮಲಗ್ತವೆ. ಅಷ್ಟು ದೂರ ಬರೋದಕ್ಕೆ ಒಂದು ದೊಡ್ಡ ಕಾರಣ ಮಿಡತೆ. ಹುಲ್ಲು ಇದ್ದರೆ ಮಿಡತೆ, ಮಿಡತೆ ಇದ್ದರೆ ಹಕ್ಕಿ. ದನ ಮೇಯದೆ ಬಿಟ್ಟರೆ ಹುಲ್ಲುಗಾವಲಿಗೆ ಮುಳ್ಳುಕಂಟಿ ನುಗ್ಗತ್ತೆ. ಜಾಸ್ತಿ ಮೇದರೆ ಹುಲ್ಲೇ ಇರಲ್ಲ. 2011ರಲ್ಲಿ ಬಾಸೂರಿನ ಸುಮಾರು 736 ಹೆಕ್ಟೇರ್ ಸಂರಕ್ಷಣಾ ಮೀಸಲು ಆಯಿತು. ಎಲ್ಲ ಕಾವಲಿಗೂ ಆ ಅದೃಷ್ಟ ಇಲ್ಲ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಸುಮಾರು 10,000 ಎಕರೆ ಕಾವಲು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಯಿತು, ನಾವೆಲ್ಲ ಕೆಲಸ ಸಿಕ್ಕರೆ ಸಾಕು ಅಂತ ಕನಸು ಕಾಣೋ ಸಂಸ್ಥೆಗಳಿಗೇ.

ತರೀಕೆರೆ ಕಡೆಯದ್ದು ಬೇರೆ ಲೆಕ್ಕ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ಹಿನ್ನೀರು ಬೇಸಿಗೆಗೆ ಇಳಿದಾಗ ಏಳುವ ಬೋಳು ದ್ವೀಪಗಳಲ್ಲಿ ರಿವರ್ ಟರ್ನ್ ಹಕ್ಕಿಗಳು ಬರೀ ನೆಲದ ಮೇಲೆ ಮೊಟ್ಟೆ ಇಡ್ತವೆ. ನೀರಿನ ಮಟ್ಟ ಇಳಿಯೋದು ತಡವಾದರೆ ಅವಕ್ಕೆ ಜಾಗವೇ ಇಲ್ಲ. ಗೇಟ್ ಆಪರೇಷನ್ ಶೆಡ್ಯೂಲ್ ಬರೆಯೋ ಸೀಟಿನಲ್ಲಿ ಮುಂದೆ ನಮ್ಮಲ್ಲೇ ಯಾರೋ ಒಬ್ಬರು ಕೂರಬಹುದು.

ಸಲೀಂ ಅಲಿ 1987ರ ಜೂನ್ 20ರಂದು ತೀರಿಕೊಂಡರು, 90 ವರ್ಷ. ಎರ್ಲಡ್ಡು ಹಕ್ಕಿ ರಾಷ್ಟ್ರಪಕ್ಷಿ ಆಗಬೇಕು ಅನ್ನೋದು ಅವರ ಆಸೆಯಾಗಿತ್ತು, 1963ರಲ್ಲಿ ಆ ಪಟ್ಟ ನವಿಲಿಗೆ ಹೋಯಿತು. ಹುಲ್ಲುಗಾವಲಿನ ಆ ದೊಡ್ಡ ಹಕ್ಕಿ ಈಗ ಕರ್ನಾಟಕದಲ್ಲಿ ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟು ಕಂಡರೆ ಹೆಚ್ಚು.

ಅವರು ಒಬ್ಬರೇ ನೋಟ್‌ಬುಕ್ಕಿನಲ್ಲಿ ಮಾಡಿದ್ದನ್ನ ಈಗ ಸಾವಿರಾರು ಜನ ಫೋನಿನಲ್ಲಿ ಮಾಡ್ತಾರೆ. ಪ್ರತೀ ಫೆಬ್ರವರಿಯ ನಾಲ್ಕು ದಿನ ನಡೆಯೋ ಕ್ಯಾಂಪಸ್ ಬರ್ಡ್ ಕೌಂಟ್‌ಗೆ ಯಾವ ಕಾಲೇಜು ಬೇಕಾದ್ರೂ ಸೇರಬಹುದು. ಕನಿಷ್ಠ 15 ನಿಮಿಷ ಒಂದು ಕಡೆ ನಿಂತು ಅಥವಾ ನಡೆದು, ಕಂಡ ಹಕ್ಕಿಗಳನ್ನ ಎಣಿಸಿ ಇ-ಬರ್ಡ್ ಆಪ್‌ಗೆ ಹಾಕಿದರೆ ಆಯಿತು. ಕಾಗೆಯೂ ಲೆಕ್ಕಕ್ಕೆ ಬರತ್ತೆ. ಹುಳದ ಕಡೆ ಒಲವಿದ್ದವರಿಗೆ ಜುಲೈ ಕೊನೆಯಲ್ಲಿ ಪತಂಗಗಳ ವಾರ ಇದೆ: ರಾತ್ರಿ ಒಂದು ಬಿಳಿ ಪಂಚೆ ಕಟ್ಟಿ ಹಿಂದೆ ಲೈಟ್ ಹಾಕಿ ಕೂರೋದು. ಪಂಚೆ ಹಾಸ್ಟೆಲ್‌ನಲ್ಲೇ ಸಿಗತ್ತೆ. ಕಡೂರು, ಅಜ್ಜಂಪುರ ಕಡೆಯಿಂದ ಬಂದಿರೋರು ಆ ನಾಲ್ಕು ದಿನದಲ್ಲಿ ಊರಿಗೆ ಹೋದರೆ ಕಾವಲಿನ ಅಂಚಿನಲ್ಲೂ ಒಂದು ಲಿಸ್ಟ್ ಮಾಡಿ, ದನ ಕಾಯೋರು ಸಿಕ್ಕರೆ ಅವರು ಯಾವ ಹಕ್ಕಿಗೆ ಏನಂತಾರೆ ಅಂತ ಕೇಳಿ ಬರ್ಕೊಳ್ಳಿ. ಫೆಬ್ರವರಿಯಲ್ಲಿ ಸೆಳೆವಗಳು ಇನ್ನೂ ಅಲ್ಲೇ ಇರ್ತವೆ. ಬಿಸಿಲು ಏರಿದ ಮೇಲೆ ಒಂದೊಂದಾಗಿ ಉತ್ತರಕ್ಕೆ ಹೊರಡ್ತವೆ.