ಕಮಲಾ ಸೊಹೊನಿ: ಪೋಷಣೆಯ ಪಾಠಕ್ಕೊಂದು ಜೀವನಕಥೆ

ಪೋಷಣೆಯ ಘಟಕವನ್ನು ಬೋಧಿಸುವ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಕಪ್ಪುಹಲಗೆಯ ಮೇಲೆ ಎರಡು ಪಟ್ಟಿಗಳನ್ನು ಬರೆಯುತ್ತಾರೆ. ಒಂದು ಶಕ್ತಿ ಕೊಡುವ ಆಹಾರಗಳದು, ಇನ್ನೊಂದು ಖನಿಜಗಳದು. ಮಕ್ಕಳು ಎರಡನ್ನೂ ಬಾಯಿಪಾಠ ಮಾಡುತ್ತಾರೆ. ಈ ಎರಡು ಪಟ್ಟಿಗಳಿಗೆ ಪರಸ್ಪರ ಏನು ಸಂಬಂಧ ಎಂದು ಕೇಳಿದರೆ ಮಾತ್ರ ಉತ್ತರ ಬರುವುದಿಲ್ಲ. ಹಿಂಡಲಗಾದ ಪ್ರೌಢಶಾಲೆಯೊಂದಕ್ಕೆ ಅಭ್ಯಾಸ ಬೋಧನೆಯ ಮೇಲ್ವಿಚಾರಣೆಗೆ ಹೋದಾಗ ಆ ಸಂಬಂಧವನ್ನು ತೋರಿಸಲು ನಾನು ಒಬ್ಬ ವಿಜ್ಞಾನಿಯ ಜೀವನಕಥೆಯನ್ನು ಆರಿಸಿಕೊಂಡೆ. ಅವರು ಕಮಲಾ ಸೊಹೊನಿ. ಹಿಂಡಲಗಾದಲ್ಲಿ ಮರಾಠಿ ಮನೆಮಾತಿನ ಮಕ್ಕಳೂ ಕನ್ನಡ ಮನೆಮಾತಿನ ಮಕ್ಕಳೂ ಒಂದೇ ಓಣಿಯಲ್ಲಿ ಆಡಿ ಬೆಳೆಯುತ್ತಾರೆ. ಮರಾಠಿ ಮನೆತನದಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಸಂಶೋಧನೆ ಆರಂಭಿಸಿದ ಕಮಲಾ ಇಬ್ಬರಿಗೂ ಸಲ್ಲುವವರು.

ಅವರು ಹುಟ್ಟಿದ್ದು 1911ರಲ್ಲಿ, ಇಂದೋರಿನ ಭಾಗವತ ಮನೆತನದಲ್ಲಿ. ತಂದೆ ನಾರಾಯಣರಾವ್ ಮತ್ತು ದೊಡ್ಡವರಾದ ಮಾಧವರಾವ್ ಇಬ್ಬರೂ ರಸಾಯನಶಾಸ್ತ್ರಜ್ಞರು. ಬೆಂಗಳೂರಿನ ಟಾಟಾ ವಿಜ್ಞಾನ ಸಂಸ್ಥೆಯಲ್ಲಿ ಕಲಿತವರು. ಅಲ್ಲಿಯೇ ಸಂಶೋಧನೆ ಮಾಡಬೇಕೆಂಬುದು ಈ ಹುಡುಗಿಯ ಆಸೆಯೂ ಆಯಿತು. 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್‌ಸಿ. ಪರೀಕ್ಷೆಯಲ್ಲಿ ಉನ್ನತ ಸ್ಥಾನ ಪಡೆದು ಸಂಸ್ಥೆಗೆ ಅರ್ಜಿ ಹಾಕಿದರು. ಅಂದಿನ ನಿರ್ದೇಶಕರು ನೊಬೆಲ್ ಪುರಸ್ಕೃತ ಸಿ. ವಿ. ರಾಮನ್. ಹೆಣ್ಣುಮಗಳು ಎಂಬ ಕಾರಣಕ್ಕೆ ಅವರು ಅರ್ಜಿಯನ್ನು ತಿರಸ್ಕರಿಸಿದರು. ಕಮಲಾ ಸುಮ್ಮನೆ ಮರಳಲಿಲ್ಲ. ಗಾಂಧೀಜಿಯವರ ದಾರಿ ಹಿಡಿದು ಸಂಸ್ಥೆಯಲ್ಲಿಯೇ ಸತ್ಯಾಗ್ರಹಕ್ಕೆ ನಿಂತರು. ಕೊನೆಗೆ ಷರತ್ತುಗಳ ಮೇಲೆ ಪ್ರವೇಶ ಸಿಕ್ಕಿತು: ಮೊದಲ ವರ್ಷ ಕಾಯಂ ವಿದ್ಯಾರ್ಥಿನಿ ಎಂದು ಎಣಿಸುವುದಿಲ್ಲ, ಮಾರ್ಗದರ್ಶಕರು ಹೇಳಿದರೆ ರಾತ್ರಿಯೂ ದುಡಿಯಬೇಕು, ಪುರುಷ ಸಂಶೋಧಕರ ಗಮನ ಕೆಡದಂತೆ ನಡೆದುಕೊಳ್ಳಬೇಕು. ಆ ಅವಮಾನವನ್ನು ಅವರು ಕಡೆಯವರೆಗೂ ಮರೆಯಲಿಲ್ಲ. ಆದರೆ ಶ್ರೀನಿವಾಸಯ್ಯ ಎಂಬ ಮಾರ್ಗದರ್ಶಕರ ಕೈಕೆಳಗೆ ದುಡಿದು, ವರ್ಷ ತುಂಬುವಷ್ಟರಲ್ಲಿ ರಾಮನ್ ಅವರ ಅಭಿಪ್ರಾಯವನ್ನೇ ಬದಲಿಸಿದರು. ಮುಂದೆ ಸಂಸ್ಥೆಯ ಬಾಗಿಲು ಇತರ ಹೆಣ್ಣುಮಕ್ಕಳಿಗೂ ತೆರೆಯಿತು.

ಬೆಂಗಳೂರಿನಲ್ಲಿ ಅವರು ಕೈಗೆತ್ತಿಕೊಂಡ ವಿಷಯ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನು. ಬಡವರ ಗಂಗಾಳದಲ್ಲಿ ಪ್ರೋಟೀನು ಬರುವುದೇ ಕಾಳಿನಿಂದ ಎಂಬ ದೇಶದಲ್ಲಿ ಇದು ಸಣ್ಣ ವಿಷಯವಲ್ಲ. 1936ರಲ್ಲಿ ಎಂ.ಎಸ್‌ಸಿ. ಪದವಿ ಬಂತು. ಅಲ್ಲಿಂದ ಅವರು ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋದರು. ಜೀವಸತ್ವಗಳ ಶೋಧಕ್ಕಾಗಿ ನೊಬೆಲ್ ಪಡೆದಿದ್ದ ಫ್ರೆಡರಿಕ್ ಹಾಪ್ಕಿನ್ಸ್ ಅವರ ವಿಭಾಗದಲ್ಲಿ ಸಸ್ಯಗಳ ಉಸಿರಾಟವನ್ನು ಅಭ್ಯಸಿಸುತ್ತ, ಆಲೂಗಡ್ಡೆಯ ಮೇಲೆ ಕೆಲಸ ಮಾಡುವಾಗ, ಸಸ್ಯಕೋಶಗಳಲ್ಲಿಯೂ ಸೈಟೋಕ್ರೋಮ್ ಸಿ ಇದೆ ಎಂದು ತೋರಿಸಿದರು. 1939ರಲ್ಲಿ ಪಿಎಚ್.ಡಿ. ದೊರೆಯಿತು. ಅವರ ಪ್ರಬಂಧ ಸುಮಾರು 40 ಪುಟಗಳದು ಮಾತ್ರ.

ನಮ್ಮ ಎರಡು ಪಟ್ಟಿಗಳು ಕೂಡುವುದು ಇಲ್ಲಿಯೇ. ಸೈಟೋಕ್ರೋಮ್ ಸಿ ಒಂದು ಚಿಕ್ಕ ಪ್ರೋಟೀನು. ಅದರ ನಡುವೆ ಕಬ್ಬಿಣದ ಒಂದು ಪರಮಾಣು ಕುಳಿತಿರುತ್ತದೆ. ಉಂಡ ಅನ್ನದಿಂದ ಕೋಶವು ಶಕ್ತಿಯನ್ನು ಬಿಡಿಸಿಕೊಳ್ಳುವ ಕೊನೆಯ ಹಂತದಲ್ಲಿ ಎಲೆಕ್ಟ್ರಾನುಗಳನ್ನು ಕೈಯಿಂದ ಕೈಗೆ ದಾಟಿಸುವವರ ಸಾಲಿನಲ್ಲಿ ಇದೂ ಒಂದು. ಒಂದು ಗ್ರಾಂ ಪಿಷ್ಟ ಅಥವಾ ಪ್ರೋಟೀನಿನಲ್ಲಿ 4 ಕಿಲೋಕ್ಯಾಲೊರಿ, ಒಂದು ಗ್ರಾಂ ಕೊಬ್ಬಿನಲ್ಲಿ 9 ಕಿಲೋಕ್ಯಾಲೊರಿ ಶಕ್ತಿ ಇದೆ ಎಂದು ನಾವು ಕಲಿಸುತ್ತೇವೆ. ಆ ಶಕ್ತಿ ದೇಹದ ಕೆಲಸಕ್ಕೆ ಬರಬೇಕಾದರೆ ರಕ್ತದಲ್ಲಿ ಆಮ್ಲಜನಕ ಒಯ್ಯುವ ಹಿಮೋಗ್ಲೋಬಿನ್‌ಗೂ ಕಬ್ಬಿಣ ಬೇಕು, ಕೋಶದೊಳಗಿನ ಸೈಟೋಕ್ರೋಮ್‌ಗೂ ಕಬ್ಬಿಣ ಬೇಕು. ಒಲೆಯ ತುಂಬ ಕಟ್ಟಿಗೆ ತುಂಬಿ ಗಾಳಿಯ ದಾರಿ ಮುಚ್ಚಿದರೆ ಹೊಗೆಯೇ ಬರುತ್ತದೆ, ಅಡುಗೆ ಆಗುವುದಿಲ್ಲ. ಈ ಹೋಲಿಕೆ ಮಕ್ಕಳಿಗೆ ಕೂಡಲೇ ತಿಳಿಯುತ್ತದೆ.

ಹಿಂಡಲಗಾದಲ್ಲಿ ಈ ಮಾತು ಏಕೆ ಬೇಕಾಯಿತೆಂಬುದನ್ನು ಹೇಳಬೇಕು. ಪ್ರಶಿಕ್ಷಣಾರ್ಥಿಯೊಬ್ಬರು ತಮ್ಮ ಪಾಠಯೋಜನೆಯಲ್ಲಿ ಒಂದು ಚಟುವಟಿಕೆ ಹಾಕಿಕೊಂಡಿದ್ದರು: ಎಲ್ಲ ಮಕ್ಕಳನ್ನು ತೂಗಿ, ತೂಕವನ್ನು ಹೆಸರಿನ ಮುಂದೆ ಹಲಗೆಯ ಮೇಲೆ ಬರೆಯುವುದು. ಅದನ್ನು ಕೈಬಿಡಲು ನಾನು ಸೂಚಿಸಿದೆ. ಆ ತರಗತಿಯಲ್ಲಿ ದಪ್ಪ ಎಂದು ಗೆಳತಿಯರು ಛೇಡಿಸುತ್ತಿದ್ದ ಒಬ್ಬ ಹುಡುಗಿ ಇದ್ದಳು. ತೂಕ ಇಳಿಸಬೇಕೆಂದು ಬೆಳಗಿನ ರೊಟ್ಟಿ ಬಿಟ್ಟು ಬರೀ ಚಹಾ ಕುಡಿದು ಬರುತ್ತಿದ್ದಳು. ಮೂರನೆಯ ಅವಧಿಗೇ ಮೇಜಿನ ಮೇಲೆ ತಲೆಯಿಡುತ್ತಿದ್ದಳು. ಶಾಲಾ ಆರೋಗ್ಯ ತಪಾಸಣೆಯಲ್ಲಿ ಅವಳ ಹಿಮೋಗ್ಲೋಬಿನ್ ಕಡಿಮೆಯೆಂದು ತಿಳಿಯಿತು. 12 ವರ್ಷ ದಾಟಿದ ಹುಡುಗಿಯರಲ್ಲಿ ಅದು ಡೆಸಿಲೀಟರಿಗೆ 12 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆ ಎನ್ನುತ್ತಾರೆ. ತೂಕ ತುಂಬಿದ ದೇಹದಲ್ಲಿಯೂ ಕಬ್ಬಿಣದ ಕೊರತೆ ಇರಬಹುದು. ಉಂಡ ಶಕ್ತಿ ಖರ್ಚಿಗಿಂತ ಹೆಚ್ಚಾದರೆ ಕೊಬ್ಬಾಗಿ ಉಳಿಯುತ್ತದೆ ಎಂಬ ಲೆಕ್ಕ ನಿಜ. ಆದರೆ ತಕ್ಕಡಿಗೆ ಆ ಲೆಕ್ಕ ಮಾತ್ರ ಗೊತ್ತು, ಖನಿಜದ ಲೆಕ್ಕ ಗೊತ್ತಿಲ್ಲ. ಬೆಳೆಯುವ ಮಕ್ಕಳಿಗಂತೂ ಊಟ ಬಿಡುವುದು ತೂಕ ನಿರ್ವಹಣೆಯೇ ಅಲ್ಲ. ಕರಿದ ತಿಂಡಿ, ಸಿಹಿ ಪಾನೀಯ ಕಡಿಮೆ ಮಾಡುವುದು, ಆಟ ಹೆಚ್ಚಿಸುವುದು, ಹೊತ್ತಿಗೆ ಸರಿಯಾಗಿ ಉಣ್ಣುವುದು, ಇವು ಅವರ ದಾರಿ.

ಮತ್ತೆ ಕಮಲಾ ಅವರ ಬದುಕಿಗೆ ಬರೋಣ. 1939ರಲ್ಲಿ ಸ್ವದೇಶಕ್ಕೆ ಮರಳಿದ ಅವರು ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ವಿಭಾಗವನ್ನು ನಡೆಸಿದರು. ನಂತರ ನೀಲಗಿರಿಯ ಕೂನೂರಿನ ಪೋಷಣಾ ಸಂಶೋಧನಾಲಯದಲ್ಲಿ ಸಹಾಯಕ ನಿರ್ದೇಶಕಿಯಾಗಿ ಜೀವಸತ್ವಗಳ ಮೇಲೆ ಕೆಲಸ ಮಾಡಿದರು. 1947ರಲ್ಲಿ ಎಂ. ವಿ. ಸೊಹೊನಿ ಅವರನ್ನು ಮದುವೆಯಾಗಿ ಮುಂಬಯಿಗೆ ಬಂದು, ಅಲ್ಲಿನ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕಿಯಾದರು. ಹಸಿ ಕಾಳುಗಳಲ್ಲಿ ಪ್ರೋಟೀನಿನ ಜೀರ್ಣಕ್ಕೆ ಅಡ್ಡಿಯಾಗುವ ವಸ್ತುಗಳಿವೆ. ಟ್ರಿಪ್ಸಿನ್ ಎಂಬ ಕಿಣ್ವವನ್ನು ತಡೆಯುವ ಅವುಗಳ ಬಗ್ಗೆ ಅವರೂ ಅವರ ವಿದ್ಯಾರ್ಥಿಗಳೂ ವರ್ಷಗಟ್ಟಲೆ ದುಡಿದರು. ರಾಷ್ಟ್ರಪತಿ ರಾಜೇಂದ್ರ ಪ್ರಸಾದರ ಸೂಚನೆಯಂತೆ ನೀರಾವನ್ನೂ ಪರೀಕ್ಷಿಸಿ, ಅದರಲ್ಲಿ ಜೀವಸತ್ವಗಳೂ ಕಬ್ಬಿಣವೂ ಇರುವುದನ್ನು ತೋರಿಸಿದರು. ಆ ಕೆಲಸಕ್ಕೆ ರಾಷ್ಟ್ರಪತಿ ಪ್ರಶಸ್ತಿ ಬಂತು. ಅರ್ಹತೆಯಿದ್ದರೂ ಸಂಸ್ಥೆಯ ನಿರ್ದೇಶಕ ಸ್ಥಾನಕ್ಕಾಗಿ ಅವರು ನಾಲ್ಕು ವರ್ಷ ಕಾಯಬೇಕಾಯಿತು.

ಅವರ ಸಂಶೋಧನೆಯನ್ನು ನಮ್ಮ ಭಾಗದ ಅಡುಗೆಮನೆಗೆ ತರುವುದು ಸುಲಭ. ಮಡಕಿಕಾಳನ್ನು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಬೇಯಿಸಿ ಉಸಳಿ ಮಾಡುವುದು ಇಲ್ಲಿ ಪ್ರತಿ ಮನೆಗೂ ಗೊತ್ತು. ಬೇಯಿಸಿದಾಗ ಆ ಅಡ್ಡಿವಸ್ತುಗಳು ಬಹುಮಟ್ಟಿಗೆ ನಾಶವಾಗುತ್ತವೆ. ಮೊಳಕೆ ಬರಿಸಿದಾಗ, ಕಬ್ಬಿಣವನ್ನು ಹಿಡಿದಿಡುವ ಫೈಟೇಟ್ ಕಡಿಮೆಯಾಗುತ್ತದೆ. ಮೇಲೆ ಲಿಂಬೆರಸ ಹಿಂಡಿದರೆ ಅದರ ಸಿ ಜೀವಸತ್ವದಿಂದ ಕಬ್ಬಿಣ ಇನ್ನಷ್ಟು ಚೆನ್ನಾಗಿ ಹೀರಲ್ಪಡುತ್ತದೆ; ಊಟದ ಜೊತೆಗೇ ಚಹಾ ಕುಡಿದರೆ ಅದು ಕಡಿಮೆಯಾಗುತ್ತದೆ. ಈ ಪಾಠವಾದ ಮೇಲೆ, ರೊಟ್ಟಿ ಬಿಟ್ಟಿದ್ದ ಆ ಹುಡುಗಿ ಚಹಾವನ್ನು ಹಿಂದಕ್ಕೆ ಹಾಕಿ ರೊಟ್ಟಿ ಉಸಳಿಗೆ ಮರಳಿದಳು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ಏಕೆ ಕೊಡುತ್ತಾರೆಂದು ಗೆಳತಿಯರಿಗೆ ತಾನೇ ಹೇಳತೊಡಗಿದಳು.

ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಇಷ್ಟೆ. ಜೀವನಕಥೆಯನ್ನು ಪ್ರೇರಣೆಯ ಹಂತದ ಐದು ನಿಮಿಷಕ್ಕೆ ಮುಗಿಸಬೇಡಿ. ಬೆಂಗಳೂರಿನ ಭಾಗಕ್ಕೆ ಪ್ರೋಟೀನನ್ನೂ, ಕೇಂಬ್ರಿಜ್ ಭಾಗಕ್ಕೆ ಶಕ್ತಿ ಮತ್ತು ಕಬ್ಬಿಣವನ್ನೂ, ಮುಂಬಯಿಯ ಭಾಗಕ್ಕೆ ಅಡುಗೆಯ ವಿಧಾನವನ್ನೂ ಜೋಡಿಸಿ. ಒಂದು ಘಟಕವೇ ಸಿದ್ಧವಾಗುತ್ತದೆ. ಸುಣ್ಣಾಂಶಕ್ಕೆ ರಾಗಿ, ಹಾಲು. ಅಯೋಡಿನ್‌ಗೆ ಅಯೋಡಿನ್‌ಯುಕ್ತ ಉಪ್ಪು, ಇವನ್ನು ಮುಂದಿನ ಅವಧಿಗೆ ಸೇರಿಸಿ. ಮಕ್ಕಳ ತೂಕ, ರಕ್ತಪರೀಕ್ಷೆಯ ಫಲಿತಾಂಶ ಮಾತ್ರ ಹಲಗೆಯ ಮೇಲೆ ಬರಬಾರದು.

ನಿವೃತ್ತಿಯ ನಂತರವೂ ಕಮಲಾ ಸುಮ್ಮನೆ ಕೂರಲಿಲ್ಲ. 1966ರಲ್ಲಿ ಮುಂಬಯಿಯಲ್ಲಿ ಮಹಿಳೆಯರು ಕಟ್ಟಿದ ಭಾರತ ಗ್ರಾಹಕ ಮಾರ್ಗದರ್ಶನ ಸಂಘದಲ್ಲಿ ಸಕ್ರಿಯರಾಗಿದ್ದು, ಅದರ ಅಧ್ಯಕ್ಷತೆಯನ್ನೂ ವಹಿಸಿದರು. ಸಂಘದ ಕೀಮತ್ ಪತ್ರಿಕೆಯಲ್ಲಿ ಸಾಮಾನ್ಯ ಓದುಗರಿಗಾಗಿ ಬರೆದರು. 1998ರಲ್ಲಿ ತೀರಿಕೊಂಡರು. ಪ್ರಯೋಗಾಲಯದಲ್ಲಿ ತಿಳಿದದ್ದು ಕೊಳ್ಳುವ, ಅಡುವ, ಉಣ್ಣುವ ಜನರಿಗೆ ತಲುಪಬೇಕೆಂದು ಅವರು ದುಡಿದರು. ಆ ಕೆಲಸದ ಮುಂದಿನ ಭಾಗ ತರಗತಿಯಲ್ಲಿ ನಿಲ್ಲುವ ನಮ್ಮದು.