ಜನರೊಡನೆ ತಪಗೈದ ಕುರಿಗಾಹಿ: ಸಂತ ಚಾರ್ಲ್ಸ್ ಬೊರೊಮಿಯೊ

ಪ್ರತಿ ವರ್ಷ ಬೂದಿ ಬುಧವಾರದಂದು ನಮ್ಮ ದೇವಾಲಯದ ಬಲಿಪೀಠದ ಮುಂದೆ ಹೊಲದ ಒಡೆಯನೂ ಕೂಲಿಯಾಳೂ, ಅಜ್ಜಿಯೂ ಮೊಮ್ಮಗಳೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಎಲ್ಲರ ಹಣೆಗೂ ಒಂದೇ ಬಟ್ಟಲಿನ ಬೂದಿ. ಹಿಂದಿನ ವರ್ಷ ಗರಿಗಳ ಭಾನುವಾರದಂದು ನಾವೆಲ್ಲರೂ ಕೈಯಲ್ಲಿ ಹಿಡಿದು ನಡೆದ ಗರಿಗಳನ್ನೇ ಸುಟ್ಟು ಮಾಡಿದ ಬೂದಿ ಅದು. ಉಪವಾಸ, ಪ್ರಾರ್ಥನೆ, ದಾನಧರ್ಮಗಳನ್ನು ಪ್ರತಿಯೊಬ್ಬನೂ ತನ್ನ ಮನೆಯಲ್ಲಿ ತನ್ನ ಪಾಡಿಗೆ ಆಚರಿಸಬಹುದಲ್ಲವೇ, ಧರ್ಮಸಭೆಯು ನಮ್ಮೆಲ್ಲರನ್ನೂ ಒಟ್ಟಾಗಿ ಏಕೆ ಕರೆಯುತ್ತದೆ ಎಂಬ ಪ್ರಶ್ನೆಯನ್ನು ನನ್ನ ಗುರುಜೀವನದಲ್ಲಿ ಅನೇಕರು ಕೇಳಿದ್ದಾರೆ. ಇದಕ್ಕೆ ವಾದದಿಂದ ಉತ್ತರ ಕೊಡುವುದಕ್ಕಿಂತ ಒಬ್ಬ ಸಂತರ ಬಾಳನ್ನು ನಿಮ್ಮ ಮುಂದಿಡುವುದು ಲೇಸೆಂದು ತೋರಿ, ನಮ್ಮ ದೇವಾಲಯದ ಈ ಶತಮಾನೋತ್ಸವದ ಸಂಚಿಕೆಯಲ್ಲಿ ಸಂತ ಚಾರ್ಲ್ಸ್ ಬೊರೊಮಿಯೊ ಅವರ ಚರಿತ್ರೆಯನ್ನು ಸ್ಮರಿಸುತ್ತಿದ್ದೇನೆ.

ಇಟಲಿಯ ಉತ್ತರ ಭಾಗದಲ್ಲಿರುವ ಮಾಜ್ಜೋರೆ ಸರೋವರದ ದಡದ ಅರೋನಾ ಕೋಟೆಯಲ್ಲಿ 1538ರ ಅಕ್ಟೋಬರ್ 2ರಂದು ಅವರು ಜನಿಸಿದರು. ತಂದೆಯ ಮನೆತನ ಸಿರಿವಂತವಾದುದು. ತಾಯಿ ಮಾರ್ಗರೀತಾ ಮೆದಿಚಿ ಮನೆತನದವರು. ಹನ್ನೆರಡರ ಎಳೆಯ ವಯಸ್ಸಿನಲ್ಲಿಯೇ ಅಂದಿನ ರೂಢಿಯಂತೆ ಒಂದು ಮಠದ ಆದಾಯ ಅವರ ಹೆಸರಿಗೆ ಬಂದಾಗ, ಅದು ಬಡವರ ಸೊತ್ತು, ಮನೆಯ ಖರ್ಚಿಗೆ ಸೇರಬಾರದು ಎಂದು ಬಾಲಕನು ತಂದೆಗೆ ತಿಳಿಸಿದನು.

ತಾಯಿಯ ಸಹೋದರರು 1559ರಲ್ಲಿ ನಾಲ್ಕನೆಯ ಪಿಯುಸ್ ಎಂಬ ಹೆಸರಿನಿಂದ ಜಗದ್ಗುರುಗಳಾಗಿ ಆಯ್ಕೆಯಾದರು. ಮರುವರ್ಷವೇ ಸೋದರಳಿಯನನ್ನು ರೋಮಿಗೆ ಕರೆಸಿ ಕಾರ್ಡಿನಲ್ ಪದವಿಗೇರಿಸಿದರು. ಆಗ ಅವರಿಗೆ ಇಪ್ಪತ್ತೊಂದೇ ವರ್ಷ, ಯಾಜಕದೀಕ್ಷೆಯೂ ಆಗಿರಲಿಲ್ಲ. 1562ರಲ್ಲಿ ಅವರ ಏಕೈಕ ಅಣ್ಣ ಫೆದೆರಿಕೊ ಅಕಾಲಮರಣಕ್ಕೆ ತುತ್ತಾದಾಗ, ಚಾರ್ಲ್ಸರು ವಿವಾಹವಾಗಿ ವಂಶವನ್ನು ಉಳಿಸಬೇಕೆಂದು ಬಂಧುಗಳೆಲ್ಲರೂ ಒತ್ತಾಯಿಸಿದರು. ಅವರಾದರೋ ಆ ಸಾವಿನಲ್ಲಿ ದೇವರ ಕರೆಯನ್ನೇ ಕೇಳಿದರು. 1563ರಲ್ಲಿ ಯಾಜಕದೀಕ್ಷೆಯನ್ನು ಪಡೆದು, ಅದೇ ವರ್ಷ ಡಿಸೆಂಬರ್ 7ರಂದು, ಮಿಲಾನಿನ ಪಾಲಕರಾದ ಸಂತ ಅಂಬ್ರೋಸರ ಹಬ್ಬದ ದಿನ, ಧರ್ಮಾಧ್ಯಕ್ಷರಾಗಿ ಅಭಿಷಿಕ್ತರಾದರು.

ಎಂಟು ದಶಕಗಳ ಕಾಲ ಮಿಲಾನಿನಲ್ಲಿ ಮಹಾಧರ್ಮಾಧ್ಯಕ್ಷರಾರೂ ನೆಲೆಸಿರಲಿಲ್ಲ. ಕುರಿಗಾಹಿಯಿಲ್ಲದ ಮಂದೆಯ ಸ್ಥಿತಿ ಹೇಗಿದ್ದಿತೆಂದು ಹೇಳಬೇಕಾಗಿಲ್ಲ. ಚಾರ್ಲ್ಸರು ರೋಮಿನ ವೈಭವವನ್ನು ಬಿಟ್ಟು ಅಲ್ಲಿಗೆ ಬಂದು ನಿಂತರು. ಟ್ರೆಂಟ್ ಮಹಾಸಭೆಯ ನಿರ್ಣಯಗಳನ್ನು ಕಾರ್ಯಗತಗೊಳಿಸಲು ಗುರುಮಠಗಳನ್ನು ಸ್ಥಾಪಿಸಿದರು, ಮಕ್ಕಳಿಗೆ ಭಾನುವಾರದ ಧರ್ಮೋಪದೇಶ ಶಾಲೆಗಳನ್ನು ಬಲಪಡಿಸಿದರು, ಬೆಟ್ಟದ ಹಳ್ಳಿಗಳಿಗೂ ಖುದ್ದಾಗಿ ಹೋಗಿ ಬಂದರು. ಈ ಸುಧಾರಣೆಯನ್ನು ಸಹಿಸದವರೂ ಇದ್ದರು. 1569ರ ಅಕ್ಟೋಬರಿನಲ್ಲಿ ಅವರು ಸಂಜೆಯ ಪ್ರಾರ್ಥನೆಯಲ್ಲಿ ಮೊಣಕಾಲೂರಿದ್ದಾಗ ಒಬ್ಬನು ಹಿಂದಿನಿಂದ ಗುಂಡು ಹಾರಿಸಿದನು. ಗುಂಡು ಉಡುಪನ್ನು ತಾಗಿತೇ ಹೊರತು ಪ್ರಾಣಕ್ಕೆ ಅಪಾಯವಾಗಲಿಲ್ಲ. ಅವರು ಪ್ರಾರ್ಥನೆಯನ್ನು ನಿಲ್ಲಿಸಲಿಲ್ಲ.

ಅವರ ಬಾಳಿನ ಮಹಾ ಪರೀಕ್ಷೆ ಬಂದುದು 1576ರಲ್ಲಿ. ಆ ವರ್ಷ ಮಿಲಾನಿಗೆ ಪ್ಲೇಗ್ ಮಾರಿ ನುಗ್ಗಿತು. ರಾಜ್ಯಪಾಲನೂ ಅನೇಕ ಶ್ರೀಮಂತರೂ ನಗರವನ್ನು ತೊರೆದರು. ಲೋಡಿ ಪಟ್ಟಣದಲ್ಲಿದ್ದ ಚಾರ್ಲ್ಸರು ಸುದ್ದಿ ತಿಳಿದೊಡನೆ ನಗರದೊಳಕ್ಕೆ ಮರಳಿದರು. ತಮ್ಮ ಮರಣಪತ್ರವನ್ನು ಬರೆದಿಟ್ಟು, ರೋಗಿಗಳಿದ್ದ ಬಿಡಾರಗಳಿಗೆ ಹೋಗಿ ಸಂಸ್ಕಾರಗಳನ್ನು ನೀಡಿದರು. ಉಣ್ಣಲು ಇಲ್ಲದವರಿಗಾಗಿ ಮನೆಯ ಬೆಳ್ಳಿಯನ್ನು ಮಾರಿದರು. ಚಳಿಗೆ ನಡುಗುವವರಿಗಾಗಿ ಅರಮನೆಯ ಗೋಡೆಯ ಬಣ್ಣಬಣ್ಣದ ತೆರೆಗಳನ್ನು ಇಳಿಸಿ ಬಟ್ಟೆ ಹೊಲಿಸಿದರು.

ಆದರೆ ಅನ್ನವಸ್ತ್ರಗಳಷ್ಟೇ ಸಾಲವೆಂದು ಅವರಿಗೆ ತಿಳಿದಿತ್ತು. ಮಾರಿ ಬಂದಾಗ ಮನುಷ್ಯನು ನೆರೆಯವನಿಗೆ ಅಂಜುತ್ತಾನೆ; ಅಂಜಿಕೆಯಿಂದ ಊರು ಒಡೆಯುತ್ತದೆ. ಒಡೆದ ಊರನ್ನು ಒಂದುಗೂಡಿಸಲು ಅವರು ಅಕ್ಟೋಬರ್ ತಿಂಗಳ ಆರಂಭದಲ್ಲಿ ಸಾರ್ವಜನಿಕ ಪ್ರಾಯಶ್ಚಿತ್ತಕ್ಕೆ ಕರೆ ನೀಡಿದರು. ಒಂದೇ ವಾರದ ಬುಧವಾರ, ಶುಕ್ರವಾರ, ಶನಿವಾರಗಳಂದು ಮೂರು ಮೆರವಣಿಗೆಗಳು ನಡೆದವು. ಜನಸಂದಣಿಯಿಂದ ರೋಗ ಹರಡೀತೆಂಬ ಅಳುಕು ನಗರದ ಅಧಿಕಾರಿಗಳಿಗಿತ್ತು; ಆ ಅಳುಕು ನಿರಾಧಾರವಾದುದೆಂದು ಇಂದು ನಾವು ಹೇಳಲಾರೆವು. ಮಹಾಧರ್ಮಾಧ್ಯಕ್ಷರು ಅಪರಾಧಿಯಂತೆ ಕೊರಳಿಗೆ ಹಗ್ಗ ಹಾಕಿಕೊಂಡು, ಬರಿಗಾಲಿನಲ್ಲಿ, ಪ್ರಭುವಿನ ಪವಿತ್ರ ಮೊಳೆಯೆಂದು ಗೌರವಿಸಲ್ಪಡುವ ಅವಶೇಷವನ್ನಿರಿಸಿದ ದೊಡ್ಡ ಶಿಲುಬೆಯನ್ನು ಹೊತ್ತು ನಡೆದರು. ಊರಿನ ಪಾಪದ ಬಗ್ಗೆ ಮೇಲಿನಿಂದ ಪ್ರಸಂಗ ಮಾಡುವ ಬದಲು, ಆ ಪಾಪ ತಮ್ಮದೂ ಹೌದೆಂದು ಊರಿನ ಮುಂದೆ ಕಾಣಿಸಿಕೊಂಡರು. ತನ್ನ ಕುರಿಗಾಹಿ ತನಗಾಗಿ ಪಶ್ಚಾತ್ತಾಪಪಡುವುದನ್ನು ಕಂಡ ಜನವು ತಾನೂ ಕಣ್ಣೀರಿಟ್ಟಿತು.

ಅದೇ ತಿಂಗಳ ಕೊನೆಯಲ್ಲಿ ಜನರೆಲ್ಲರೂ ಮನೆಗಳಲ್ಲಿಯೇ ಇರಬೇಕೆಂಬ ಕಟ್ಟಪ್ಪಣೆಯಾಯಿತು. ಚಾರ್ಲ್ಸರು ಅದನ್ನು ವಿರೋಧಿಸಲಿಲ್ಲ. ಜನರು ದೇವಾಲಯಕ್ಕೆ ಬರಲಾಗದಿದ್ದರೆ ದೇವಾಲಯವೇ ಬೀದಿಗೆ ಬರಲಿ ಎಂದು ಬಗೆದರು. ಬೀದಿಗಳು ಕೂಡುವೆಡೆಗಳಲ್ಲಿ ಬಲಿಪೀಠಗಳನ್ನು ನಿಲ್ಲಿಸಿ, ಕಿಟಕಿಗಳಿಂದಲೇ ಜನರು ದಿವ್ಯಬಲಿಪೂಜೆಯಲ್ಲಿ ಭಾಗಿಗಳಾಗುವಂತೆ ಮಾಡಿದರು. ದಿನಕ್ಕೆ ಏಳು ಬಾರಿ ಗಂಟೆ ಬಾರಿಸುತ್ತಿತ್ತು. ಗಂಟೆ ಕೇಳಿದೊಡನೆ ಬೀದಿಯ ಈ ಬದಿಯ ಮನೆಯವರು ಪ್ರಾರ್ಥನಾಮಾಲೆಯ ಒಂದು ಸಾಲನ್ನು ಹೇಳಿದರೆ, ಆ ಬದಿಯವರು ಮುಂದಿನ ಸಾಲನ್ನು ಹೇಳುತ್ತಿದ್ದರು. ಮನೆಗಳು ಬೇರೆಯಾಗಿದ್ದವು, ಸಭೆ ಒಂದೇ ಆಗಿತ್ತು. ಸಾವಿರಾರು ಜನರನ್ನು ಬಲಿತೆಗೆದುಕೊಂಡ ಆ ಮಾರಿಯಿಂದ ನಗರವು ಮುಕ್ತವಾಯಿತೆಂದು ಸಾರಲಾದುದು 1578ರ ಆರಂಭದಲ್ಲಿ.

ಕಷ್ಟ ಕಳೆದೊಡನೆ ಮರೆವು ಬರುತ್ತದೆ. ಮಿಲಾನಿನ ಅಂಬ್ರೋಸಿಯನ್ ವಿಧಿಯಲ್ಲಿ ತಪಸ್ಸುಕಾಲವು ನಮ್ಮಲ್ಲಿರುವಂತೆ ಬುಧವಾರದಂದಲ್ಲ, ಅದರ ಮುಂದಿನ ಭಾನುವಾರದಂದು ಆರಂಭವಾಗುತ್ತದೆ. ಜನರು ಶನಿವಾರಕ್ಕೆ ಮುಗಿಯಬೇಕಾದ ಮೋಜುಮೆರವಣಿಗೆಗಳನ್ನು ಆ ಮೊದಲ ಭಾನುವಾರದವರೆಗೂ ಎಳೆದಿದ್ದರು. ಚಾರ್ಲ್ಸರು 1579ರಲ್ಲಿ ಮಾರಿಯ ದಿನಗಳನ್ನು ನೆನಪಿಸುವ ಒಂದು ಕಿರುಹೊತ್ತಗೆಯನ್ನು ತಮ್ಮ ಜನರಿಗಾಗಿ ಬರೆದರು. ತಪಸ್ಸುಕಾಲದ ಭಾನುವಾರವನ್ನು ಆಟಕೂಟಗಳಿಗೆ ಬಿಟ್ಟುಕೊಡಲಾಗದೆಂದು ಪಟ್ಟುಹಿಡಿದರು. ರಾಜ್ಯಪಾಲನು ಮುನಿದನು, ದೂರು ರೋಮಿನವರೆಗೂ ಹೋಯಿತು. ಜಗದ್ಗುರು ಹದಿಮೂರನೆಯ ಗ್ರೆಗೊರಿಯವರು ಚಾರ್ಲ್ಸರ ಪರವಾಗಿ ನಿಂತರು. 1580ರಲ್ಲಿ ಆ ರಾಜ್ಯಪಾಲನು ಮರಣಶಯ್ಯೆಯಲ್ಲಿದ್ದಾಗ ಅವನ ಬಳಿಗೆ ಧಾವಿಸಿ ಸಂತೈಸಿದವರೂ ಚಾರ್ಲ್ಸರೇ. ತಪಸ್ಸಿನ ಫಲ ಕ್ಷಮೆಯಲ್ಲದಿದ್ದರೆ ಮತ್ತೇನು?

1584ರ ಅಕ್ಟೋಬರಿನಲ್ಲಿ ವರಾಲ್ಲೊ ಬೆಟ್ಟದ ಪುಣ್ಯಕ್ಷೇತ್ರದಲ್ಲಿ ಏಕಾಂತ ಧ್ಯಾನಕ್ಕೆ ಕುಳಿತಿದ್ದ ಅವರಿಗೆ ಜ್ವರ ಬಂದಿತು. ಮಿಲಾನಿಗೆ ಹಿಂದಿರುಗಿ, ಆಶೀರ್ವದಿಸಿದ ಬೂದಿಯನ್ನು ಚಿಮುಕಿಸಿದ ಗೋಣಿಬಟ್ಟೆಯನ್ನು ಹೊದ್ದು, ನವೆಂಬರ್ 3ರ ರಾತ್ರಿ ಅಸುನೀಗಿದರು. ಪ್ರಾಯ ನಲವತ್ತಾರು. 1610ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಸಾರಿತು. ನವೆಂಬರ್ 4 ಅವರ ಹಬ್ಬ.

ಪ್ರಿಯ ಭಕ್ತರೇ, 2020ರ ತಪಸ್ಸುಕಾಲವನ್ನು ನಾವಾರೂ ಮರೆಯಲಾರೆವು. ಅದೇ ಮಿಲಾನಿನ ಸೀಮೆಯಲ್ಲಿ ಬೂದಿ ಬುಧವಾರಕ್ಕೆ ಮುನ್ನವೇ ದೇವಾಲಯಗಳಲ್ಲಿ ಜನರ ಬಲಿಪೂಜೆ ನಿಂತಿತು. ಮಾರ್ಚ್ ಕೊನೆಯ ಹೊತ್ತಿಗೆ ನಮ್ಮ ದೇವಾಲಯದ ಬಾಗಿಲನ್ನೂ ನಾನೇ ಮುಚ್ಚಬೇಕಾಯಿತು. ಬಾಗಿಲು ಮುಚ್ಚಿದ್ದು ತಪ್ಪಲ್ಲ. ಆದರೆ ಗಂಟೆಯನ್ನಾದರೂ ಬಾರಿಸಿ, ಮನೆಮನೆಯ ಪ್ರಾರ್ಥನೆಯನ್ನು ಒಂದೇ ಪ್ರಾರ್ಥನೆಯಾಗಿಸಬಹುದಾಗಿತ್ತೆಂಬ ಯೋಚನೆ ಆಗ ನನಗೆ ಹೊಳೆಯಲಿಲ್ಲ. ಬಾಗಿಲು ತೆರೆದ ಮೇಲೆ ಎಲ್ಲರೂ ಮರಳಿ ಬರಲಿಲ್ಲ. ಒಂಟಿ ಪ್ರಾರ್ಥನೆಯೇ ಸಾಕೆಂಬ ರೂಢಿ ಕೆಲವರಲ್ಲಿ ಬೇರೂರಿತು. ಈ ನಷ್ಟದಲ್ಲಿ ನನ್ನ ಪಾಲೂ ಉಂಟೆಂದು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ.

ನೂರು ತಪಸ್ಸುಕಾಲಗಳನ್ನು ಕಂಡ ಈ ದೇವಾಲಯದಲ್ಲಿ ನಮ್ಮ ಹಿರಿಯರು ಒಬ್ಬರ ಹಿಂದೊಬ್ಬರು ಮೊಣಕಾಲೂರಿ ಶಿಲುಬೆ ಹಾದಿಯನ್ನು ನಡೆದರು. ಉಪವಾಸದಿಂದ ಉಳಿಸಿದ ಹಿಡಿ ಅಕ್ಕಿಯನ್ನು ಬಡವರ ಮನೆಗೆ ಮುಟ್ಟಿಸಿದರು. ಒಬ್ಬನ ಪಾಪವು ಇಡೀ ಮನೆಯನ್ನು ನೋಯಿಸುವಂತೆ, ಒಬ್ಬನ ಪಶ್ಚಾತ್ತಾಪವು ಇಡೀ ಮನೆಯನ್ನು ಎತ್ತುತ್ತದೆಂದು ಅವರು ಬಲ್ಲವರಾಗಿದ್ದರು. ಬರುವ ಬೂದಿ ಬುಧವಾರದಂದು ದೂರವಾದ ನೆರೆಮನೆಯವರನ್ನು ಕೈಹಿಡಿದು ಕರೆತನ್ನಿ. ಆ ಸಾಲಿನಲ್ಲಿ ನಿಮ್ಮ ಗುರುವೂ ತಲೆಬಾಗಿ ಬೂದಿಯನ್ನು ಸ್ವೀಕರಿಸುವನು. ಸಂತ ಚಾರ್ಲ್ಸ್ ಬೊರೊಮಿಯೊ ಅವರು ನಮ್ಮ ಧರ್ಮಕೇಂದ್ರಕ್ಕಾಗಿ ಪ್ರಾರ್ಥಿಸಲಿ.